ಹುಳು ಹಣ್ಣಾಗುವ ಹೊತ್ತು

ಶಿಡ್ಲಘಟ್ಟದ ಹತ್ತಿರದ ನಮ್ಮೂರಿಂದ
೧೨-೧೧-೨೦೨೪, ಮಂಗಳವಾರ

ಪ್ರೀತಿಯ ಯಶೋಧರಕ್ಕನಿಗೆ ತಂಗಿ ಕಲ್ಯಾಣಿ ಬರೆಯುವುದು,

ಫೋನ್ ಮಾಡಿದರೆ ದನಿಯಲ್ಲೇ ಕಂಡುಹಿಡಿದುಬಿಡುತ್ತೀಯ, ಅದಕ್ಕೇ ಕಾಗದ. ಸಂಜೆ ಹಾಲಿನ ಲಾರಿಯ ವೆಂಕಟರವಣಪ್ಪ ಚಿಕ್ಕಬಳ್ಳಾಪುರದಲ್ಲಿ ನೀನು ಕೆಲಸ ಮಾಡುವ ಆಸ್ಪತ್ರೆಗೆ ತಲುಪಿಸುತ್ತಾರೆ.

ನಿಮ್ಮ ಆಸ್ಪತ್ರೆಯೂ ನಮ್ಮ ಡೈರಿ ಸಂಘವೂ ಕೂಡಿ ಡೈರಿಯ ಹಿಂದಿನ ಕೋಣೆಯಲ್ಲಿ ಅಗ್ಗದ ಕ್ಲಿನಿಕ್ ತೆರೆದಾಗ, ಮನೆಮನೆಗೆ ಹೋಗಿ ಜನರನ್ನು ಕರೆದವಳು ನಾನೇ. ಪಕ್ಕದ ಮನೆಯ ಪೆದ್ದಮ್ಮನನ್ನಂತೂ ಕೈಹಿಡಿದು ಎಳೆದುಕೊಂಡು ಹೋಗಿದ್ದೆ. ಈಗ ನಾನೇ ಹೋಗುತ್ತಿಲ್ಲ. ನಗಬೇಡ.

ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುತ್ತಿವೆ, ಇನ್ನೇನು ಗೂಡು ಕಟ್ಟಬೇಕು. ಈ ಹೊತ್ತಿನಲ್ಲಿ ಹೊರಗಿನವರು ಹೊಸಿಲು ದಾಟುವಂತಿಲ್ಲ. ನಾವಾದರೂ ಹೊರಗೆ ಹೋದರೆ ಸ್ನಾನ ಮಾಡಿ, ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆದೇ ಒಳಗೆ ಬರಬೇಕು. ಹೋದ ಬೆಳೆಯಲ್ಲಿ ಯಾರೋ ನೆಂಟರು ಸೀದಾ ನುಗ್ಗಿದರು, ರೋಗ ತಗುಲಿ ಅಷ್ಟೂ ಹುಳುವನ್ನು ಗುಂಡಿಗೆ ಸುರಿದೆವು. ಈ ಸಲದ್ದು ಪೂರ್ತಿ ನನ್ನ ಕೈಯಲ್ಲೇ ಬೆಳೆದದ್ದು.

ಕ್ಲಿನಿಕ್ಕಿನ ನರ್ಸ್ ಮೌನಿಕಾ ಹೋದ ವಾರ ಬಿಪಿ ನೋಡಿ, ಏಳು ತಿಂಗಳ ಬಸುರಿಗೆ ಇಷ್ಟಿರಬಾರದು, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ ಅಂದಳು. ಮಾತ್ರೆಯನ್ನೂ ಕೊಟ್ಟಳು. ಔಷಧದ ವಾಸನೆ ಹುಳುವಿಗೆ ಆಗದು ಅಂತ ಅದನ್ನು ದನದ ಕೊಟ್ಟಿಗೆಯಲ್ಲಿಟ್ಟೆ. ಪ್ರತಿ ಸಲ ಹೋಗಿ ನುಂಗಿ ಬಂದು ಮತ್ತೆ ಸ್ನಾನ ಯಾರು ಮಾಡುತ್ತಾರೆ ಹೇಳು. ನಿನ್ನೆ ಅವಳು ಬೀದಿಯಲ್ಲೇ ನಿಂತು, ಅಕ್ಕಾ ಒಂದ್ಸಲ ಮುಖ ತೋರ್ಸಿ ಸಾಕು, ಅಂತ ಕೂಗಿದಳು. ಬಾಗಿಲ ಹಿಂದಿನಿಂದಲೇ ಚೆನ್ನಾಗಿದೀನಿ ಹೋಗಮ್ಮ ಅಂದುಬಿಟ್ಟೆ. ಅತ್ತೆ ಗಂಗುಲಮ್ಮನವರೇ, ಹೋಗಿ ತೋರಿಸ್ಕೊಂಡ್ ಬಾರೇ, ಹುಳ ನಾನ್ ನೋಡ್ಕೋತೀನಿ ಅಂದರು. ನಾನು ಕೇಳಲಿಲ್ಲ.

ಕಾಲು ಸ್ವಲ್ಪ ಊದಿದೆ. ಮುಖವೂ. ಬಳೆ ಬಿಗಿದು, ಅತ್ತೆ ಒಂದೊಂದಾಗಿ ಒಡೆದು ತೆಗೆದರು, ಆಗ ಬಾಯಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತಿದ್ದರು. ತಲೆನೋವು ಬಿಡುತ್ತಿಲ್ಲ. ಹುಳುವಿಗೆ ಸೊಪ್ಪು ಹಾಕಲು ಬಗ್ಗಿದರೆ ಕಣ್ಣ ಮುಂದೆ ಮಿಣುಕು ಮಿಣುಕು ಅನ್ನುತ್ತದೆ. ನೀನು ಬೈಯುತ್ತೀಯ ಅಂತ ಹೇಳಿರಲಿಲ್ಲ, ಅಷ್ಟೇ. ಗೂಡಾದ ಕೂಡಲೇ ಬರುತ್ತೇನೆ.

ನಿನ್ನ
ಕಲ್ಯಾಣಿ

ತಾ.ಕ.: ಅಕ್ಕಾ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹತ್ತಿ ನೂಲು ಬಿಡುತ್ತಿವೆ. ಮಗು ನಿನ್ನೆಯಿಂದ ಒದ್ದಿಲ್ಲ. ನಮ್ಮ ಯಜಮಾನರೂ ಅತ್ತೆಯೂ ತೋಟದಲ್ಲಿದ್ದಾರೆ. ಫೋನ್ ಹಿಡಿದೆ, ಕಣ್ಣು ಮಂಜಾಗಿ ಹೆಸರುಗಳೇ ಕಾಣಲಿಲ್ಲ, ಇದನ್ನು ಅಂದಾಜಿನಲ್ಲಿ ಬರೆಯುತ್ತಿದ್ದೇನೆ. ಲಾರಿಯ ಹಾರ್ನ್ ಕೇಳುತ್ತಿದೆ. ವೆಂಕಟರವಣಪ್ಪನವರ ಕೈಲೇ ಮೌನಿಕಾಗೂ ಹೇಳಿಕಳಿಸುತ್ತೇನೆ. ನನಗೆ ಭಯವಾಗುತ್ತಿದೆ. ಯಾರು ಮೊದಲು ಬಂದರೂ ಬಾಗಿಲಲ್ಲಿ ಕಾಲು ತೊಳೆಯಲು ನಿಲ್ಲಬೇಡಿ, ಸೀದಾ ಒಳಗೆ ಬನ್ನಿ.