ಸೆಕೆಂಡ್ ಶಿಫ್ಟ್ ಮತ್ತೆ ನುಡಿಸುವುದಿಲ್ಲ

ಆಕ್ರನ್, ಒಹಾಯೊ

ಪ್ರೀತಿಯ ಲೈಲ್,

ಪ್ರೀತಿಯ ಎಂದು ಬರೆದ ಮೇಲೆ ಹೊಡೆದುಹಾಕೋಣ ಎನ್ನಿಸಿತು. ಹಾಕಲಿಲ್ಲ. ಇರಲಿ ಬಿಡು, ಅದು ಸುಳ್ಳೇನೂ ಅಲ್ಲ.

ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಸಂಗೀತೋತ್ಸವ, ಹಳೆಯ ಪಂಕ್ ಬ್ಯಾಂಡುಗಳನ್ನೆಲ್ಲ ಗೋರಿಯಿಂದ ಎಬ್ಬಿಸಿ ತರುತ್ತಿದ್ದಾರೆ, ಪೋಸ್ಟರಿನಲ್ಲಿ ನಮ್ಮ ಬ್ಯಾಂಡಿನ ಹೆಸರು 'ಸೆಕೆಂಡ್ ಶಿಫ್ಟ್' ಎಂದು ಹಾಕಬೇಕಾದರೆ ನಾನೂ ವರ್ನನ್ನೂ ಹೂಂ ಅನ್ನಬೇಕು. ಮೂವರೂ ಸೇರಿ ಇಟ್ಟ ಹೆಸರು, ಮೂವರೂ ಒಪ್ಪದೆ ಯಾರೂ ಬಳಸಬಾರದು ಎಂದು ಹುಡುಗಾಟದ ವಯಸ್ಸಿನಲ್ಲಿ ಕೈ ಕೈ ತಟ್ಟಿ ಮಾತಾಡಿಕೊಂಡಿದ್ದೆವಲ್ಲ, ಅದನ್ನು ನೀನು ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದೀಯ. ಆ ಮಟ್ಟಿಗೆ ನೀನು ಮಾನವಂತ. ಯೋಚಿಸಿ ಹೇಳುತ್ತೇನೆ ಅಂದಿದ್ದೆ. ಯೋಚಿಸಿದೆ. ಆಗುವುದಿಲ್ಲ. ನಾನು ಬರುವುದಿಲ್ಲ, ಹೆಸರನ್ನೂ ಕೊಡುವುದಿಲ್ಲ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನನ್ನು ನಗಿಸಿಬಿಡುತ್ತೀಯ. ನಕ್ಕ ಮೇಲೆ ಜಗಳ ಆಡಲು ನನಗೆ ಬರುವುದಿಲ್ಲ. ಅದಕ್ಕೇ ಈ ಕಾಗದ, ನಡುವೆ ಬಾಯಿ ಹಾಕದೆ ಓದು.

ಸಂದರ್ಶನ ಮಾಡುವವರು ಸಿಕ್ಕರೆ ನೀನು ಹೇಳುತ್ತೀಯಂತೆ, ದುಡಿಯುವ ಜನರ ಗೌರವಕ್ಕಾಗಿ ಆ ಹೆಸರಿಟ್ಟೆವು ಅಂತ. ಯಾವ ಗೌರವ, ಮಾರಾಯ? ನಿಮ್ಮಪ್ಪ, ನಮ್ಮಪ್ಪ ಇಬ್ಬರೂ ಟೈರ್ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್. ಮಧ್ಯಾಹ್ನ ಅವರು ಊಟದ ಡಬ್ಬಿ ಹಿಡಿದು ಹೊರಟರೆ ನಮ್ಮ ಮನೆಯ ನೆಲಮಾಳಿಗೆ ನಮ್ಮದು. ನೀನು ಬಾಸ್ ಗಿಟಾರು ನೇತುಹಾಕಿಕೊಂಡು ಕಿರುಚುವವನು, ನಾನು ಡ್ರಮ್ಮು, ಪಾದ್ರಿಯ ಮಗ ವರ್ನನ್ ಟಿಬ್ಸ್ ಗಿಟಾರು. ಅಮ್ಮ ಮೇಲೆ ಟಿ.ವಿ. ದನಿ ಏರಿಸಿ ಕೂರುತ್ತಿದ್ದಳು. ಅಪ್ಪ ಬರುವ ಹೊತ್ತಿಗೆ ನಾವು ಸಂಭಾವಿತರು. ಹೆಸರು ಹುಟ್ಟಿದ್ದು ಹಾಗೆ.

ಆಮೇಲೆ ಕಾರ್ಖಾನೆಯೇ ಬಾಗಿಲು ಹಾಕಿತು. ಅಪ್ಪಂದಿರು ಹಗಲೆಲ್ಲ ಮನೆಯಲ್ಲೇ ಕುಳಿತರು. ನಮಗೆ ಜಾಗ ಹೋಯಿತು, ಅವರಿಗೆ ಬದುಕೇ ಹೋಯಿತು. ಅಪ್ಪ ಅಡುಗೆಮನೆಯ ಕಿಟಕಿಯಲ್ಲಿ ಹೊಗೆಯಿಲ್ಲದ ಚಿಮಣಿಗಳನ್ನು ನೋಡುತ್ತಾ ನಿಲ್ಲುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಹಾಡುಗಳು ಒಂದೊಂದು ನಿಮಿಷಕ್ಕೆ ಇಳಿದದ್ದು ಆ ಚಳಿಗಾಲದಲ್ಲಿ. ಅಷ್ಟು ಸಿಟ್ಟಿನಲ್ಲಿ ಅದಕ್ಕಿಂತ ಉದ್ದ ಉಸಿರು ಹಿಡಿಯುವುದು ಯಾರಿಂದಲೂ ಆಗುತ್ತಿರಲಿಲ್ಲ.

ಆಗ ಸ್ಲೋವಾಕ್ ಸಂಘದ ಸಭಾಭವನದಲ್ಲಿ ನಮಗೆ ನೆಲೆ ಕೊಟ್ಟವಳು ಅಲ್ಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ನನ್ನ ಲುಡ್ಮಿಲಾ ಚಿಕ್ಕಮ್ಮ. ಭಾನುವಾರ ಮಧ್ಯಾಹ್ನ ಭವನ ಖಾಲಿ. ನಮ್ಮ ಒಂದು ಹಾಡು ಕೇಳಿ, ಇದು ಹಾಡೋ ಹಲ್ಲುನೋವೋ ಎಂದು ಕೇಳಿದಳು. ಆಮೇಲೆ ಎರಡು ಕಟ್ಟಳೆ ಹಾಕಿದಳು, ನೆನಪಿದೆಯಾ? "ಬಾಗ್ಲಲ್ಲಿ ನಿಂತ್ಕೊಂಡು ನೀನು ಬಾ, ನೀನು ಬೇಡ ಅನ್ನೋ ಹಾಗಿಲ್ಲ. ಬಂದೋರು ಯಾರೂ ಹಸ್ಕೊಂಡು ಹೋಗೋ ಹಾಗಿಲ್ಲ." ಹಾಗಾಗಿ ಇಡೀ ಊರಿನ ಬೋಳುತಲೆ, ಹರಿದ ಜಾಕೆಟ್ಟಿನ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿದು, ಮೂಗಿನ ರಕ್ತ ಒರೆಸಿಕೊಂಡು, ಸಾಲಾಗಿ ನಿಂತು ಬೆಣ್ಣೆಯಲ್ಲಿ ಹುರಿದ ಎಲೆಕೋಸಿನ ಹಲುಷ್ಕಿ ತಿಂದು ಹೋಗುತ್ತಿದ್ದರು. ತಟ್ಟೆಯಲ್ಲಿ ಊಟ ಉಳಿಸಿದವರನ್ನು ಚಿಕ್ಕಮ್ಮ ಬಿಡುತ್ತಿರಲಿಲ್ಲ. ವರ್ನನ್ ಹೇಳುತ್ತಿದ್ದ, ಬೆಳಿಗ್ಗೆ ಅಪ್ಪನ ಚರ್ಚು, ಮಧ್ಯಾಹ್ನ ನಿಮ್ಮದು, ಎರಡು ಕಡೆಯೂ ಕಿರುಚಾಟವೇ, ಊಟ ಮಾತ್ರ ಇಲ್ಲಿ ಚೆನ್ನಾಗಿದೆ ಅಂತ.

ನಾವು ವೇದಿಕೆ ಹತ್ತದ ಬ್ಯಾಂಡು ಎಂದು ಪತ್ರಿಕೆಗಳು ಹೊಗಳಿ ಬರೆದವು. ವೇದಿಕೆಯ ಮೇಲೆ ಸಂಘದ ಬಿಂಗೋ ಮೇಜುಗಳನ್ನು ಪೇರಿಸಿಟ್ಟಿದ್ದರು, ಅದಕ್ಕೇ ನಾವು ನೆಲದಲ್ಲಿ ನಿಂತದ್ದು. ಎಲ್ಲರ ಕೈಗೂ ಮೈಕು ಕೊಡುವ ನಮ್ಮ ಪದ್ಧತಿಯೂ ಸಿದ್ಧಾಂತದಿಂದ ಹುಟ್ಟಿದ್ದಲ್ಲ. ಎರಡನೆಯ ಭಾನುವಾರ ನೀನು ನಿನ್ನದೇ ಸಾಲು ಮರೆತು ತಬ್ಬಿಬ್ಬಾಗಿ, ಎದುರಿಗೆ ಕೈ ಚಾಚಿದ್ದ ಯಾವಳೋ ಹುಡುಗಿಯ ಬಾಯಿಗೆ ಮೈಕು ಹಿಡಿದೆ. ಅವಳು ಸಾಲನ್ನು ತಪ್ಪಿಲ್ಲದೆ ಕೂಗಿದಳು. ನಿನ್ನ ಮುಖ ಹೇಗೆ ಬೆಳಗಿತು ಅಂತೀಯ. ಅಂದಿನಿಂದ ಅದೇ ಕಾಯಿದೆಯಾಯಿತು. ಯಾರು ಕೈ ಚಾಚಿದರೂ ಮೈಕು ಅವರದು. ನಮ್ಮ ಮರೆವಿನಿಂದ, ನಮ್ಮ ಬಡತನದಿಂದ ಬಂದದ್ದೇ ನಮ್ಮಲ್ಲಿ ಎಲ್ಲಕ್ಕಿಂತ ಒಳ್ಳೆಯದಾಗಿತ್ತು, ಲೈಲ್. ಅದನ್ನು ನಾನು ಯಾರ ಮುಂದೆಯೂ ತಲೆಯೆತ್ತಿ ಹೇಳುತ್ತೇನೆ.

ಪಿಟ್ಸ್‌ಬರ್ಗಿನ ಆ ಮಧ್ಯಾಹ್ನವನ್ನಂತೂ ನೀನು ಮರೆತಿರಲಾರೆ. ಬಾರಿನವನು ಇಪ್ಪತ್ತೊಂದು ತುಂಬದವರನ್ನು ಒಳಗೆ ಬಿಡಲಿಲ್ಲ. ನಮ್ಮನ್ನು ಕೇಳಲೆಂದೇ ಬಂದ ಮಕ್ಕಳೆಲ್ಲ ಬೀದಿಯಲ್ಲಿ, ಒಳಗೆ ಬೇಸ್‌ಬಾಲ್ ನೋಡುತ್ತಿದ್ದ ನಾಲ್ಕು ಮುದುಕರು. ನೀನೇ ಅಂದದ್ದು, "ಎತ್ರೋ ಸಾಮಾನು, ಅವ್ರು ಒಳಗೆ ಬರೋ ಹಾಗಿಲ್ಲ ಅಂದ್ರೆ ನಾವೂ ಇಲ್ಲಿಗೆ ಬಂದೋರಲ್ಲ." ಪಕ್ಕದ ಬಟ್ಟೆ ಒಗೆಯುವ ಅಂಗಡಿಯಾಕೆಯ ಕೈಕಾಲು ಹಿಡಿದು ಅವಳ ಯಂತ್ರದ ಪ್ಲಗ್ಗು ಕಿತ್ತು ನಮ್ಮದು ಚುಚ್ಚಿದೆವು. ಕಾರು ನಿಲ್ಲಿಸುವ ಬಯಲಿನಲ್ಲಿ ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಫ್ಯೂಸು ಹಾರಿತು, ಪೊಲೀಸರು ಬಂದರು. ಒದ್ದೆ ಬಟ್ಟೆ ಹಿಡಿದು ನಿಂತಿದ್ದ ಹೆಂಗಸರೇ ನಮ್ಮ ಪರವಾಗಿ ಪೊಲೀಸರ ಜೊತೆ ವಾದಕ್ಕೆ ನಿಂತರು. ಅಂದು ನಿನ್ನನ್ನು ನೋಡಿ, ಇವನ ಹಿಂದೆ ಎಲ್ಲಿಗಾದರೂ ಹೋಗಬಹುದು ಅಂದುಕೊಂಡೆ. ಹೋದೆ ಕೂಡ.

ಆ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ನಾವೇ ಮಾಡಿಸಿದ ಪುಟ್ಟ ರೆಕಾರ್ಡಿನ ಹೊದಿಕೆಗಳನ್ನು ಚಿಕ್ಕಮ್ಮನ ಊಟದ ಮೇಜುಗಳ ಮೇಲೆ ಮಡಚಿ ಅಂಟಿಸುತ್ತಿದ್ದೆವು. ಬ್ರೆಡ್ಡು ಸಾಗಿಸುತ್ತಿದ್ದ ಹಳೆಯ ವ್ಯಾನಿನಲ್ಲಿ ಊರೂರು ತಿರುಗಿ, ಕಂಡವರ ಮನೆಯ ನೆಲದಲ್ಲಿ ಮಲಗಿ, ನೆಬ್ರಾಸ್ಕಾದಲ್ಲೂ ನಮ್ಮ ಸಾಲುಗಳನ್ನು ಬಲ್ಲವರು ಇದ್ದಾರೆ ಎಂದು ಕಂಡು ಬೆರಗಾದೆವು. ಎರಡು ವರ್ಷ ನಾವು ಯಾರಿಗೂ ಕ್ಯಾರೇ ಅನ್ನಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸುಖ ಮತ್ತೆ ಬರಲಿಲ್ಲ, ಮುಚ್ಚಿಡುವುದೇನು.

ಆಮೇಲೆ ಬ್ಯಾಂಡುಗಳ ಪ್ರವಾಸ ಏರ್ಪಡಿಸುವ ನ್ಯೂಯಾರ್ಕಿನ ಗಾರ್ಡನ್ ಫ್ಲೆಕ್ ಬಂದ. ದೊಡ್ಡ ಬ್ಯಾಂಡೊಂದರ ಜೊತೆ ದೇಶವೆಲ್ಲ ಸುತ್ತಿಸುತ್ತೇನೆ, ಅವರಿಗಿಂತ ಮೊದಲು ನೀವು ನುಡಿಸಿ ಅಂದ. ನನಗೂ ಆಸೆಯಿತ್ತು, ನಿನ್ನೊಬ್ಬನ ತಲೆಗೆ ಕಟ್ಟುವುದಿಲ್ಲ. ವೇದಿಕೆ ಇರುತ್ತದೆ, ಅದರ ಮುಂದೆ ಕಬ್ಬಿಣದ ಬೇಲಿ ಇರುತ್ತದೆ, ನಡುವೆ ಕಾವಲಿನವರು ಇರುತ್ತಾರೆ ಎಂದು ಗೊತ್ತಿದ್ದೇ ಹೋದೆವು. ನಮ್ಮ ಪದ್ಧತಿ ನಾವು ಬಿಡುವುದಿಲ್ಲ, ಬೇಲಿ ಅವರದು, ಮೈಕು ನಮ್ಮದು ಎಂದು ನೀನು ಎದೆ ತಟ್ಟಿಕೊಂಡಿದ್ದೆ.

ಶಿಕಾಗೊದಲ್ಲಿ ಆ ಹುಡುಗಿ ಬೇಲಿ ಹತ್ತಿದಳು. ಹಸಿರು ಜಾಕೆಟ್ಟು, ಹದಿನಾರು ತುಂಬಿತ್ತೋ ಇಲ್ಲವೋ. ಅವಳು ನಿನ್ನತ್ತ ಕೈ ಚಾಚಿದಳು, ನಮ್ಮ ರೆಕಾರ್ಡು ಕೇಳಿ ಕೇಳಿ ಹಾಗೆ ಚಾಚಿದರೆ ಮೈಕು ಸಿಗುತ್ತದೆ ಎಂದು ನಂಬಿಕೊಂಡು ಬಂದವಳು. ಕಾವಲಿನವನು ಅವಳ ಕುತ್ತಿಗೆಪಟ್ಟಿ ಹಿಡಿದು ನೆಲಕ್ಕೆ ಅಪ್ಪಳಿಸಿ ಬೆನ್ನ ಮೇಲೆ ಮೊಣಕಾಲೂರಿದ. ನೀನು ನೋಡಿದೆ. ನೋಡಿ, ಕತ್ತೆತ್ತಿ ಮೇಲಿನ ದೀಪಗಳ ಕಡೆ ತಿರುಗಿ ಹಾಡುತ್ತಲೇ ಇದ್ದೆ.

ನಾನು ಕೋಲು ಕೆಳಗಿಟ್ಟೆ. ವರ್ನನ್ ನನ್ನ ಮುಖ ನೋಡಿ ತಂತಿಗಳ ಮೇಲೆ ಅಂಗೈ ಇಟ್ಟ. ನಿನ್ನ ದನಿಯೂ ಬಾಸೂ ಮಾತ್ರ ಇನ್ನೆರಡು ಸಾಲು ಓಡಿದವು. ಆಮೇಲೆ ನೀನು ಮೈಕಿನಲ್ಲಿ ನಗುತ್ತಾ ಅಂದೆ, "ನಮ್ ಡ್ರಮ್ಮಿನಮ್ಮಂಗೆ ಸುಸ್ತಾಗ್ಬಿಟ್ಟಿದೆ, ಪಾಪ." ಜನ ನಕ್ಕರು. ನಾನು ಇಳಿದು ಹೊರಗೆ ನಡೆದಾಗ ಆ ದೊಡ್ಡ ಬ್ಯಾಂಡಿನವನೊಬ್ಬ ನನ್ನ ಜಾಗದಲ್ಲಿ ಕುಳಿತು ಬಾರಿಸುತ್ತಿದ್ದುದು ಗೋಡೆಯಾಚೆಗೂ ಕೇಳುತ್ತಿತ್ತು. ನಮ್ಮ ಬ್ಯಾಂಡು ಮುಗಿದದ್ದು ಅಲ್ಲಿಗೆ. ಮಾರನೆಯ ದಿನ ವ್ಯಾನಿನ ಬಳಿ ನಾವು ಆಡಿಕೊಂಡದ್ದು ಬರೀ ಶವಸಂಸ್ಕಾರದ ಮಾತು.

ಸುಸ್ತು ಎಂದದ್ದಕ್ಕೆ ನನಗೆ ಸಿಟ್ಟು ಎಂದು ನೀನು ಇಷ್ಟು ಕಾಲವೂ ತಿಳಿದಿದ್ದೀಯ. ಮೊನ್ನೆ ಫೋನಿನಲ್ಲಿ ನೀನು ಅದಕ್ಕೇ ಕ್ಷಮೆ ಕೇಳಿದೆ. ಅಯ್ಯೋ, ಆ ಮಾತನ್ನು ಎಂದೋ ಬಿಟ್ಟೆ ಕಣೋ. ನಾನು ನಿನಗೆ ಹೇಳದೆ ಉಳಿಸಿಕೊಂಡದ್ದು ಬೇರೆ ಇದೆ. ಅಂದು ಹೊರಗೆ ಬಂದವಳು ಆ ಹುಡುಗಿಯನ್ನು ಹುಡುಕಿದೆ. ಪಕ್ಕದ ಬೀದಿಯ ಕಲ್ಲಿನ ಅಂಚಿನಲ್ಲಿ, ಊದಿದ ಮೊಣಕೈ ಹಿಡಿದುಕೊಂಡು ಕುಳಿತಿದ್ದಳು. ಅಳುತ್ತಿರಲಿಲ್ಲ. ನನ್ನ ಗುರುತು ಹತ್ತಿ ಒಂದೇ ಒಂದು ಕೇಳಿದಳು: "ಅವ್ರು ನನ್ನ ನೋಡ್ಲಿಲ್ಲ, ಅಲ್ವಾ?"

ಇಲ್ಲ, ಕಣ್ಣಿಗೆ ದೀಪ ಹೊಡೆಯುತ್ತಿತ್ತು, ಅಂದುಬಿಟ್ಟಿದ್ದರೆ ಅವಳು ನಿನ್ನನ್ನು ಪ್ರೀತಿಸಿಕೊಂಡೇ ಮನೆಗೆ ಹೋಗುತ್ತಿದ್ದಳು. ನನ್ನ ನಾಲಿಗೆ ಹೊರಳಲಿಲ್ಲ. ನೋಡಿದ, ಅಂದೆ. ಅವಳು ತಲೆಯಾಡಿಸಿ ಎದ್ದು ಹೋದಳು. ನಿಜ ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅವಳಿಗೆ ನಾವು ಕೊಡಬೇಕಾಗಿದ್ದದ್ದರಲ್ಲಿ ಉಳಿದದ್ದು ಅದೊಂದೇ.

ಈಗ ನಿನ್ನ ಉತ್ಸವ. ಬೇಲಿ ಇರುತ್ತದೆಯಾ ಎಂದು ನಾನು ಕೇಳಿದೆ. "ಎಲ್ಲಾ ಕಡೆ ಇರುತ್ತೆ ಕಣೆ ಡಾಟ್, ವಿಮೆಯೋರು ಬಿಡಲ್ಲ" ಅಂದೆ ನೀನು. ಆಮೇಲೆ ದನಿ ತಗ್ಗಿಸಿ, "ಈಗ್ಲೂ ಬರ್ದೇ ಇದ್ರೆ ನಮ್ಮನ್ನ ಮರ್ತೇಬಿಡ್ತಾರೆ" ಅಂದೆ. ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಮರೆಯಲಿ ಬಿಡೋ. ಮರೆತರೆ ನಮ್ಮ ಗಂಟೇನು ಹೋಗುತ್ತದೆ? ಬೇಲಿಯ ಹಿಂದೆ ನಿಂತು ನೆನಪಾಗುವುದಕ್ಕಿಂತ ಭಾನುವಾರದ ಹಲುಷ್ಕಿಯ ಜೊತೆ ಮರೆತುಹೋಗುವುದು ನನಗೆ ಸಾವಿರ ಪಾಲು ಮೇಲು. ವರ್ನನ್‌ನನ್ನೂ ಕೇಳಿದೆ. "ನೀನು ನಿಲ್ಸಿದಾಗ ನಾನೂ ನಿಲ್ಸಿದೆ. ಆಮೇಲೆ ನೀನಿನ್ನೂ ಶುರು ಮಾಡಿಲ್ವಲ್ಲ" ಅಂದ.

ಆದ್ದರಿಂದ ಹೆಸರು ನಮ್ಮಲ್ಲೇ ಇರಲಿ. ಹಾಡುಗಳನ್ನು ನೀನು ಹಾಡಿಕೋ, ಅವನ್ನು ಕಟ್ಟಿಹಾಕಲು ನಾನ್ಯಾರು? ಪೋಸ್ಟರಿನಲ್ಲಿ ಲೈಲ್ ಸ್ಟ್ಯಾಂಪರ್ ಎಂದು ಹಾಕಿಸು, ದೊಡ್ಡ ಅಕ್ಷರದಲ್ಲಿ. ಬಂದವರು ನಿನ್ನನ್ನೇ ನೋಡಲು ಬಂದವರು ಎಂದು ತಿಳಿದು ಹಾಡು. ನಿನ್ನ ಗಂಟಲಿಗೆ ಬಲ ಬರಲಿ, ಮೊಣಕಾಲು ಕೈಕೊಡದಿರಲಿ. ಬೇಲಿಯಾಚೆಯಿಂದ ಯಾರಾದರೂ ಕೈ ಚಾಚಿದರೆ, ಈ ಸಲ ದೀಪದ ಕಡೆ ತಿರುಗಬೇಡ.

ನಿನ್ನ ಮೇಲಿನ ಮುನಿಸನ್ನೂ ಅಕ್ಕರೆಯನ್ನೂ ಒಂದಿಷ್ಟೂ ಕಡಿಮೆ ಮಾಡಿಕೊಳ್ಳದ,
ಡಾಟ್ ಹುಡಾಕ್