ಮಫ್ಲರಿನ ಅಂಚು

ಭಾನುವಾರ, ಹೊತ್ತು ಇಳಿಯುವ ಮುಂಚೆ

ನನ್ನ ಗುಬ್ಬಿಮರಿಗೆ ಮಾವನ ಮುದ್ದು, ಜೊತೆಗೆ ತಲೆಗೊಂದು ಮೊಟಕು.

ಕೆಟ್ಟು ನಿಂತ ರೈಲನ್ನು ಒಬ್ಬನೇ ಹೆಗಲು ಕೊಟ್ಟು ತಳ್ಳಿ ಸ್ಟೇಷನ್ ಮುಟ್ಟಿಸಿದ ಗಂಡಸು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಿನ್ನ ಸೋದರಮಾವ. ಡ್ರೈವರ್ ಇಳಿದು ಬಂದು ಕಾಲಿಗೆ ಬಿದ್ದ. ಏಳಪ್ಪಾ, ನಿನ್ನ ಕೆಲಸ ನೋಡ್ಕೋ ಅಂದೆ. ನಿನ್ನನ್ನು ಆ ಪಾಪಿ ಗಂಡನ ಕೈಯಿಂದ ಬಿಡಿಸಿ, ಯಾರಿಗೂ ಗೊತ್ತಾಗದ ಹಾಗೆ ಅಷ್ಟು ದೂರ ಬಚ್ಚಿಟ್ಟು ಬಂದ ಹುರುಪು ಅದು. ಬೆಟ್ಟ ಸಿಕ್ಕಿದ್ದರೂ ತಳ್ಳುತ್ತಿದ್ದೆ.

ಮನೆಗೆ ಬಂದವನು ತೆಪ್ಪಗೆ ಮಲಗಬೇಕಿತ್ತು. ಅವನು ಮುರಿದ ನಿನ್ನ ದವಡೆಗೆ ಪಟ್ಟಿ ಕಟ್ಟಿಕೊಂಡೇ ನೀನು ನನಗಾಗಿ ಹೆಣೆದ ಬೂದು ಮಫ್ಲರನ್ನು ಕುತ್ತಿಗೆಗೆ ಸುತ್ತಿಕೊಂಡು, ಮದುಮಗನ ಹಾಗೆ ಉಲ್ಲನ್ ಅಂಗಡಿಯ ಹಿಂದಿನ ಕೋಣೆಗೆ ಹೋದೆ. ನಮ್ಮ ಹೆಣಿಗೆಯವರೆಲ್ಲ ಇದ್ದರು: ಅಂಗಡಿ ಅಕ್ಕ, ರಿಟೈರಾದ ಕಂಪೌಂಡರ್, ಮೂಲೆಯಲ್ಲಿ ನಿನ್ನ ಗಂಡನ ಅಕ್ಕ. ಎಲ್ಲಿ ಹಾಳಾಗಿ ಹೋಗಿದ್ಯೋ ಅಂತ ಅಂಗಡಿ ಅಕ್ಕ ಕೇಳಿದಳು. ಕಣ್ಣು ತೋರಿಸೋಕೆ ಹೋಗಿದ್ದೆ, ಇಂಥ ಕಣ್ಣು ನೋಡೇ ಇಲ್ಲ ಅಂತ ಡಾಕ್ಟರೇ ಅತ್ತುಬಿಟ್ಟ ಅಂದೆ. ಹಾಗಾದ್ರೆ ಈ ಮಫ್ಲರೂ ಅವನೇ ಹೆಣೆದನಾ ಅಂದಳು.

ಹೆಣೆಯುವವರ ಕೆಟ್ಟ ಚಾಳಿ ನಿನಗೆ ಗೊತ್ತೇ ಇದೆ. ಮನುಷ್ಯನ ಮುಖ ನೋಡುವ ಮೊದಲು ಅಂಚು ತಿರುವಿ ನೋಡುತ್ತಾರೆ. ಅವಳೂ ತುದಿ ಎಳೆದು ನೋಡಿದಳು. ಉಲ್ಲನ್ ಇನ್ನೂ ಹೊಸದು. ಪ್ರತಿ ಸಾಲಿನ ಮೊದಲ ಕುಣಿಕೆ ಜೀವ ಹಿಂಡಿದ ಹಾಗೆ ಬಿಗಿ, ಎರಡನೆಯದು ಸಡಿಲ. ಹಾಗೆ ಹೆಣೆಯುವ ಕೈ ಊರಿಗೆಲ್ಲ ಒಂದೇ. ಅಯ್ಯೋ, ಇದು ನಮ್ಮ ಹುಡುಗಿ ಕೈ ಕಣೋ! ಬದುಕಿದಾಳಾ? ಎಲ್ಲಿದಾಳೆ? ಅಂತ ಸಂತೋಷಕ್ಕೆ ಕೂಗಿಯೇಬಿಟ್ಟಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ನಿನ್ನ ಗಂಡನ ಅಕ್ಕ ತಲೆ ಎತ್ತಲಿಲ್ಲ. ಸಾಲು ಮುಗಿಸಿ, ಕಡ್ಡಿಗಳನ್ನು ಉಲ್ಲನ್ ಉಂಡೆಗೆ ಚುಚ್ಚಿಕೊಂಡು ಎದ್ದು ಹೋದಳು.

ಆಗಲೇ ನಾನು ಕಾಲಿಗೆ ಬುದ್ಧಿ ಹೇಳಬೇಕಿತ್ತು. ಆದರೆ ಕಂಪೌಂಡರ್ ಟೀ ತರಿಸಿದ್ದ. ಬಿಸಿ ಟೀ ಬಿಟ್ಟು ಓಡುವುದು ನಮ್ಮ ವಂಶದಲ್ಲೇ ಇಲ್ಲ.

ಲೋಟ ಖಾಲಿಯಾಗುವ ಮೊದಲೇ ನಿನ್ನ ಗಂಡ ಇಬ್ಬರನ್ನು ಕಟ್ಟಿಕೊಂಡು ನುಗ್ಗಿದ. ಒಬ್ಬ ಕಂಪೌಂಡರನ ಮುಖವನ್ನು ಕಪಾಟಿಗೆ ಅಪ್ಪಳಿಸಿದ. ಕನ್ನಡಕದ ಗಾಜು ಹುಬ್ಬಿನೊಳಗೇ ಹೊಕ್ಕಿತು. ಇನ್ನೊಬ್ಬ ಅಂಗಡಿ ಅಕ್ಕನ ಜಡೆಯನ್ನು ಕೈಗೆ ಸುತ್ತಿ ನೆಲಕ್ಕೆ ಕೆಡವಿ, ಬೆನ್ನ ಮೇಲೆ ಮಂಡಿಯೂರಿದ. ನಿನ್ನ ಗಂಡ ಅದೇ ಮಫ್ಲರನ್ನು ಬಿಗಿದು ನನ್ನನ್ನು ದನದ ಹಾಗೆ ಗೋದಾಮಿನ ಕಬ್ಬಿಣದ ಬಾಗಿಲ ತನಕ ಎಳೆದು, ಎಡಗೈಯನ್ನು ಸಂದಿಗೆ ತುರುಕಿದ. ಎಲ್ಲಿಟ್ಟಿದೀಯೋ ನನ್ನ ಹೆಂಡ್ತೀನ ಅಂದ. ಹೆಂಡ್ತಿ ಅಂದ್ರೆ ಛತ್ರಿಯೇನೋ, ಎಲ್ಲೋ ಇಟ್ಟು ಮರೆಯೋಕೆ ಅಂದೆ. ಬಾಗಿಲು ಬಡಿದ. ಮತ್ತೆ ಕೇಳಿದ. ನಿಮ್ಮಪ್ಪನ್ನ ಕೇಳು ಅಂದೆ. ಬಡಿದ. ಮೂರನೆಯ ಸಲ ನನಗೆ ಜೋಕು ಹೊಳೆಯಲಿಲ್ಲ. ಗೊತ್ತಿಲ್ಲ ಅಂದೆ. ಬಡಿದ.

ಬಿಡೋ ತಮ್ಮಾ, ಬರೀ ಮಾತಾಡ್ತೀನಿ ಅಂದಿದ್ಯಲ್ಲೋ ಅಂತ ಹಿಂದಿನಿಂದ ಅವನ ಅಕ್ಕ ಕೂಗಿಕೊಂಡಳು. ಅವನು ತಿರುಗಿ ಅವಳ ಹೊಟ್ಟೆಗೆ ಒದ್ದ. ಅವಳು ಬಿದ್ದಳು. ಅವನು ಮತ್ತೆ ನನ್ನ ಕಡೆ ಬಗ್ಗಿ ಎಲ್ಲಿದಾಳೆ ಅಂದ. ಅಷ್ಟರಲ್ಲಿ ಅವಳು ಎದ್ದು, ಉಂಡೆಯಿಂದ ಸ್ಟೀಲ್ ಕಡ್ಡಿ ಕಿತ್ತು ಅವನ ಕಿವಿಯ ಕೆಳಗೆ ಇಳಿಸಿದಳು. ಹೊರಗೆ ಕಾಣುತ್ತಿದ್ದದ್ದು ಅರ್ಧ ಕಡ್ಡಿ, ಅದರ ಅಂಗಿ ಗುಂಡಿಯಂಥ ತಲೆ ಮಾತ್ರ. ರಕ್ತ ಬಿಳಿ ಉಲ್ಲನ್ನಿನ ಮೇಲೆಲ್ಲ ಚಿಮ್ಮಿತು. ಜೊತೆಗೆ ಬಂದಿದ್ದ ಶೂರರು ಚಪ್ಪಲಿಯನ್ನೂ ಬಿಟ್ಟು ಓಡಿದರು.

ಪೊಲೀಸರ ಮುಂದೆ ನಾನೇ ಚುಚ್ಚಿದ್ದು ಅಂದೆ. ನನ್ನ ಕೈ ನೋಡಿ ಯಾರೂ ನಂಬಲಿಲ್ಲ. ಅವಳನ್ನು ಠಾಣೆಯಲ್ಲಿ ಕೂರಿಸಿದ್ದಾರೆ. ನಿನಗೊಂದು ಮಾತು ತಿಳಿಸು ಅಂದಳು: ನೀನು ಮೆಟ್ಟಿಲಿಂದ ಜಾರಿ ದವಡೆ ಮುರ್ಕೊಂಡೆ ಅಂತ ಅವನು ಹೇಳಿದ್ದನಂತೆ, ಇವಳು ನಂಬಿದ್ದಳಂತೆ.

ಅವನು ಆಸ್ಪತ್ರೆಯಲ್ಲಿದ್ದಾನೆ. ಬದುಕುತ್ತಾನಂತೆ. ಪಾಪಿ ಚಿರಾಯು.

ನನ್ನ ಚಿಂತೆ ಮಾಡಬೇಡ. ಒಂದು ಉಗುರು ಹೋಗಿದೆ, ಅಷ್ಟೇ. ಬಾಳೆಯ ಸುಳಿಯ ಹಾಗೆ ಮತ್ತೆ ಬರುತ್ತದೆ. ನೋಡಲು ಅಂತ ಈ ಕಡೆ ಹೊರಟು ಬಂದೀಯ, ಹುಷಾರ್!

ನಿನ್ನ ತಂಟೆಕೋರ
ಮಾವ

ಇನ್ನೊಂದು ಮಾತು: ಕಾಗದ ಓದಿದ ಕೂಡಲೇ ಆ ಮನೆ ಬಿಡು. ಎಲ್ಲಿಗೆ ಹೋದೆ ಅಂತ ಯಾರಿಗೂ ಹೇಳಬೇಡ, ನನಗೂ ಹೇಳಬೇಡ. ಅವನು ನಾಲ್ಕನೆಯ ಸಲ ಕೇಳಿದಾಗ ನಾನು ಬಾಯಿ ತೆರೆದಿದ್ದೆ ಮಗಳೇ. ಊರಿನ ಹೆಸರು ನಾಲಿಗೆಯ ಮೇಲೆ ಬಂದಿತ್ತು. ಅದಕ್ಕಿಂತ ಕಡ್ಡಿ ಮುಂದಾಯಿತು. ಇನ್ನೊಂದು ಸಲ ತಡೆಯುತ್ತೇನೆ ಅಂತ ನಾನು ಆಣೆ ಇಡಲಾರೆ. ಉಗುರು ಅಂತ ಬರೆದದ್ದೂ ಸುಳ್ಳು. ಮೂರು ಬೆರಳು.