ಪಕ್ಕದ ಸೀಟಿನ ಬ್ರೇಕ್

ಅಕ್ಕಾ,

ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ, ನಿನಗೆ ಗೊತ್ತಲ್ಲ. ಇವತ್ತು ಖಾಲಿ ರಸ್ತೆಯಲ್ಲಿ ಕಾರು ನಿಂತುಹೋಯಿತು. ಕಲಿಯಲು ಬರುವ ನರ್ಸಮ್ಮನ ಮೇಲೆ ರೇಗಿದೆ. "ಸುಮ್‌ಸುಮ್ನೆ ಯಾಕ್ರೀ ಬ್ರೇಕ್ ಹಾಕ್ತೀರಾ?"

"ಹಾಕಿದ್ದು ನಾನಲ್ಲ ಮೇಡಂ. ನಿಮ್ಮ ಕಾಲು ನೋಡ್ಕೊಳ್ಳಿ."

ನೋಡಿದೆ. ನನ್ನ ಕಾಲು ಬ್ರೇಕನ್ನು ಒತ್ತಿ ಹಿಡಿದಿತ್ತು. ತೆಗೆಯಲು ಹೋದರೆ ಬರಲೇ ಇಲ್ಲ. ಎರಡೂ ಕೈಯಿಂದ ಮೊಣಕಾಲು ಹಿಡಿದು ಎತ್ತಬೇಕಾಯಿತು. ಹಿಂದೆ ಇದೇ ಸೀಟಿನಲ್ಲಿ ಕೂತು ಕಲಿಸುವಾಗ ಆದ ಆ ಅಪಘಾತದಲ್ಲಿ ಮೈಮೇಲೆ ಒಂದು ಗೀರೂ ಬಿದ್ದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಊಟಕ್ಕೆ ಕೂತಾಗ ನಮ್ಮ ಯಜಮಾನರಿಗೆ ಇದನ್ನು ಹೇಳಿದೆ. ಅವರು ಮೇಜಿನ ಕೆಳಗೆ ಬಗ್ಗಿ ನೋಡಿ, "ಈಗ್ಲೂ ಕಾಲಲ್ಲಿ ನೆಲಾನ ಒತ್ಕೊಂಡೇ ಇದೀಯಲ್ಲ. ದಿನಾ ಹೀಗೇ. ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ" ಅಂದರು.

ಆಪ್ತಸಮಾಲೋಚಕರನ್ನು ಕಾಣೋಣ ಎಂದು ನೀನು ಅಂದಾಗ, "ನಂಗೇನು ತಲೆ ಕೆಟ್ಟಿದೆಯಾ?" ಎಂದು ಹಾರಾಡಿದ್ದೆ. ಈಗ ಅವರ ಬಳಿ ಸಮಯ ಕೇಳಿಡು. ಕರೆದೊಯ್ಯಲು ನಿನ್ನ ಕಾರನ್ನೇ ತಾ. ನಿನ್ನ ಪಕ್ಕ ಕೂರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂರುತ್ತೇನೆ.

ನಿನ್ನ ತಂಗಿ